ಝಡ್ ಡ್ರೈವ್ ಕೈಕೊಟ್ಟ ಮಳೆಗಾಲ

ಆಗಸ್ಟ್ ಎರಡನೇ ವಾರ. ಬನವಾಸಿ ಕಡೆಯ ಭಟ್ಟರೊಬ್ಬರು ಕೊಡೆ ಮಡಚುತ್ತಾ ನಮ್ಮ ಸ್ಟುಡಿಯೋಗೆ ಬಂದರು. ಮೇ ತಿಂಗಳಲ್ಲಿ ಅವರ ಮೊಮ್ಮಗನ ಉಪನಯನದ ಫೋಟೊ ತೆಗೆದವನು ನಾನೇ. ಕೊಟ್ಟ ಪೆನ್ ಡ್ರೈವ್ ಅಂಗಿ ಜೇಬಿನಲ್ಲೇ ಉಳಿದು ವಾಷಿಂಗ್ ಮಷಿನ್ನಿಗೆ ಹೋಗಿತ್ತಂತೆ. ಇನ್ನೊಂದು ಕಾಪಿ ಸಿಗಬಹುದಾ ಅಂತ ಕೇಳಿದರು. 'ಸಿಗದೆ ಏನು, ಬ್ಯಾಕಪ್ ಇದೆಯಲ್ಲ' ಅಂದೆ, ಸ್ವಲ್ಪ ಗತ್ತಿನಲ್ಲೇ.

ಫೋಟೊ ಸಿಕ್ಕಿತು. ಆದರೆ ಬ್ಯಾಕಪ್ ಡಬ್ಬಿಯಲ್ಲಿದ್ದ ಕಟ್ಟಕಡೆಯ ಫೋಲ್ಡರಿನ ತಾರೀಕು ಜೂನ್ 9. ಅಂದರೆ ಎರಡು ತಿಂಗಳಿಂದ ಏನೂ ಹೋಗಿಲ್ಲ. ಭಟ್ಟರು ಕಾಪಿ ತೆಗೆದುಕೊಂಡು ಖುಷಿಯಾಗಿ ಹೊರಟರು. ನನಗೆ ಅವತ್ತು ಮಧ್ಯಾಹ್ನದ ಊಟ ಸೇರಲಿಲ್ಲ.

ನಮ್ಮ ವ್ಯವಸ್ಥೆ ದೊಡ್ಡದೇನಲ್ಲ. ಶಿರಸಿಯ ದೇವಿಕೆರೆ ಹತ್ತಿರ ಸಣ್ಣ ಸ್ಟುಡಿಯೋ. ವಿಂಡೋಸ್ 10 ಇರುವ ಒಂದು ಡೆಸ್ಕ್‌ಟಾಪ್. ಅಟ್ಟದ ಮೇಲೆ ಎರಡು ಡಿಸ್ಕಿನ ನಾಸ್ ಡಬ್ಬಿ (ನೆಟ್‌ವರ್ಕಿನಲ್ಲಿ ಫೈಲ್ ಇಡುವ ಪೆಟ್ಟಿಗೆ), ಒಂದು ಡಿಸ್ಕಿನ ನಕಲು ಇನ್ನೊಂದರಲ್ಲಿ. ರಾತ್ರಿ ಹನ್ನೊಂದೂವರೆಗೆ ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಎದ್ದು, ಫೈಲ್ ಕಾಪಿ ಮಾಡುವ ರೋಬೋಕಾಪಿ ಪ್ರೋಗ್ರಾಂ ಓಡಿಸಬೇಕು, ಹೊಸ ಫೋಟೊ, ಯಕ್ಷಗಾನದ ವಿಡಿಯೊ ಎಲ್ಲ ಝಡ್ ಡ್ರೈವ್‌ಗೆ (ಡೆಸ್ಕ್‌ಟಾಪ್‌ನಲ್ಲಿ ನಾಸ್‌ಗೆ ಕೊಟ್ಟ ಹೆಸರು) ಹೋಗಬೇಕು. ಏನೇನಾಯಿತು ಅಂತ ಲಾಗ್ ಫೈಲೂ ಬರೆಯುತ್ತದೆ. ಅದನ್ನು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ, ಅಷ್ಟೇ.

ಶೆಡ್ಯೂಲರಿನಲ್ಲಿ ಲಾಸ್ಟ್ ರನ್ ರಿಸಲ್ಟ್ ಕಾಲಂ ನೋಡಿದರೆ ಝೀರೊ ಎಕ್ಸ್ 10 ಅಂತಿತ್ತು. ಅದು ಹದಿನಾರರ ಎಣಿಕೆ, ನಮ್ಮ ಲೆಕ್ಕದಲ್ಲಿ 16. ರೋಬೋಕಾಪಿಯ ಭಾಷೆಯಲ್ಲಿ 16 ಅಂದರೆ ಒಂದು ಫೈಲನ್ನೂ ಕಾಪಿ ಮಾಡಲಾಗಲಿಲ್ಲ ಅಂತ. ಇಲ್ಲೊಂದು ತಮಾಷೆ ಇದೆ. ಸಾಮಾನ್ಯವಾಗಿ ಸೊನ್ನೆ ಬಂದರೆ ಪಾಸು, ಬೇರೆ ಏನು ಬಂದರೂ ಫೇಲು ಅಲ್ವಾ? ರೋಬೋಕಾಪಿ ಹಾಗಲ್ಲ. 1 ಬಂದರೆ ಫೈಲುಗಳು ಸರಿಯಾಗಿ ಹೋಗಿವೆ ಅಂತ. ಸೊನ್ನೆ ಬಂದರೆ ಕಾಪಿ ಮಾಡುವಂಥದ್ದು ಏನೂ ಇರಲಿಲ್ಲ ಅಂತ. 8 ಮತ್ತು ಅದರ ಮೇಲೆ ಬಂದರೆ ಮಾತ್ರ ಗಾಬರಿಯಾಗಬೇಕು.

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. 'ಮಾವ, ಮೊದ್ಲು ಪಿಂಗ್ ಮಾಡು' ಅಂದ. ನಾಸ್ ನೆಟ್‌ವರ್ಕಿನಲ್ಲಿ ಓಗೊಡುತ್ತದಾ ಅಂತ ಕೇಳಿ ನೋಡುವುದು ಅದು. ಮಾಡಿದೆ. ಉತ್ತರವೇ ಇಲ್ಲ. ಅಟ್ಟ ಹತ್ತಿ ನೋಡಿದರೆ ಡಬ್ಬಿಯ ಹಸಿರು ದೀಪ ಆರಾಮಾಗಿ ಮಿಣುಕುತ್ತಿದೆ. ರೌಟರಿನ ಪುಟ ತೆರೆದಾಗ ಗುಟ್ಟು ಗೊತ್ತಾಯಿತು. ಮೊದಲು 192.168.1.12 ಆಗಿದ್ದ ನಾಸ್ ಈಗ 17ನೇ ನಂಬರಿನಲ್ಲಿ ಕೂತಿದೆ. ಜೂನ್ 9ರ ರಾತ್ರಿ ಜೋರು ಗಾಳಿ-ಮಳೆಗೆ ಕರೆಂಟ್ ಹೋಗಿ ಬಂದಿತ್ತು. ರೌಟರ್ ಎದ್ದು ಎಲ್ಲರಿಗೂ ಹೊಸದಾಗಿ ವಿಳಾಸ ಹಂಚಿತ್ತು. ನನ್ನ ಝಡ್ ಡ್ರೈವ್ ಮಾತ್ರ ಹಳೆ ಮನೆಯ ಬಾಗಿಲು ತಟ್ಟುತ್ತಾ ಕೂತಿತ್ತು. ರೌಟರಿನಲ್ಲೇ ನಾಸ್‌ನ ಮ್ಯಾಕ್ ಅಡ್ರೆಸ್‌ಗೆ (ಯಂತ್ರದ ಸ್ವಂತ ಗುರುತಿನ ನಂಬರ್) 50ನೇ ನಂಬರ್ ಕಾಯಂ ಮಾಡಿದೆ. ಈ ಕೆಲಸವನ್ನು ಡಬ್ಬಿ ತಂದ ದಿನವೇ ಮಾಡಬೇಕಿತ್ತು.

ಆಮೇಲೆ ನಾಸ್‌ನ ಪಾಸ್‌ವರ್ಡ್ ರಗಳೆ. ಬೇಸಿಗೆಯಲ್ಲಿ ಬದಲಿಸಿದ್ದೆ. ಝಡ್ ಡ್ರೈವ್ ಹಳೆಯದನ್ನೇ ಹಿಡಿದುಕೊಂಡಿತ್ತು. ವಿಂಡೋಸ್ ಪಾಸ್‌ವರ್ಡ್ ಇಟ್ಟುಕೊಳ್ಳುವ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಹಳೆಯದನ್ನು ಅಳಿಸಿದ ಮೇಲೆ ಸರಿಹೋಯಿತು. ನಡುವೆ ಯಾರೋ 'ಎಸ್‌ಎಂಬಿ 1 ಆನ್ ಮಾಡಿ, ಎಲ್ಲ ಸರಿಯಾಗ್ತದೆ' ಅಂದರು. ಎಸ್‌ಎಂಬಿ ಅಂದರೆ ವಿಂಡೋಸ್ ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಪದ್ಧತಿ, 1 ಅದರ ಹಳೇ ಆವೃತ್ತಿ. ಮಾಡಲಿಲ್ಲ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವನ್ನಾಕ್ರೈ ಹರಡಿದ್ದು ಅದೇ ಕಿಂಡಿಯಿಂದ. ಹೊಸ ವಿಂಡೋಸ್‌ನಲ್ಲಿ ಅದನ್ನು ಮುಚ್ಚಿಯೇ ಕೊಡುತ್ತಾರೆ. ನನ್ನ ನಾಸ್‌ಗೆ 2 ಮತ್ತು 3 ಎರಡೂ ಬರುತ್ತವೆ. ಸುಮ್ನೆ ಯಾಕೆ ಬಾಗಿಲು ತೆರೆದಿಡುವುದು?

ಕೈಯಾರೆ ಓಡಿಸಿದರೆ ಈಗ ಚೆನ್ನಾಗಿ ಓಡಿತು. ರಾತ್ರಿ ಮತ್ತೆ ಫೇಲು! ಲಾಗ್‌ನಲ್ಲಿ ಎರರ್ 3, ದಾರಿ ಸಿಗಲಿಲ್ಲ ಅಂತ. ಇದು ನನ್ನದೇ ಅತಿಬುದ್ಧಿಯ ಫಲ. ಕರೆಂಟ್ ಹೋಗಿ ಬಂದ ಮೇಲೆ ಯಾರೂ ಲಾಗಿನ್ ಮಾಡದಿದ್ದರೂ ಬ್ಯಾಕಪ್ ನಡೆಯಲಿ ಅಂತ ಜೂನ್‌ನಲ್ಲೇ ಟಾಸ್ಕಿಗೆ ಆ ಟಿಕ್ ಹಾಕಿದ್ದೆ. 'ಮಾವ, ಝಡ್ ಡ್ರೈವ್ ಅನ್ನೋದು ನೀನು ಲಾಗಿನ್ ಆದಾಗ ನಿಂಗೆ ಮಾತ್ರ ಕಾಣೋದು, ಅಲ್ದಾ? ಟಾಸ್ಕಿಗೆ ಅದು ಕಾಣದೇ ಇಲ್ಲೆ' ಅಂದ ಹುಡುಗ. ಸ್ಕ್ರಿಪ್ಟಿನಲ್ಲಿ ಝಡ್ ತೆಗೆದು, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನಾಸ್‌ನ ವಿಳಾಸ, ಫೋಲ್ಡರ್ ಹೆಸರು ನೇರ ಬರೆದೆ. ಅಲ್ಲಿಗೆ ದಾರಿ ಸಿಕ್ಕಿತು.

ಸಿಕ್ಕಿದರೂ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಇನ್ನೂ ರನ್ನಿಂಗ್ ಅಂತಿದೆ. ಕಾಪಿ ನಿಂತಿದ್ದು ಬಿಲ್ಲಿಂಗ್ ಸಾಫ್ಟ್‌ವೇರಿನ ಫೈಲಿನ ಮೇಲೆ. ನಮ್ಮ ಸ್ಟುಡಿಯೋದ ಹುಡುಗ ರಾತ್ರಿ ಅದನ್ನು ಮುಚ್ಚದೆ ಹೋಗಿದ್ದ. ತೆರೆದ ಫೈಲು ಸಿಗದಿದ್ದರೆ ರೋಬೋಕಾಪಿ ಬಿಟ್ಟು ಮುಂದೆ ಹೋಗುತ್ತದೆ ಅಂದುಕೊಂಡಿದ್ದೆ. ಇಲ್ಲ. ನಾವು ಏನೂ ಹೇಳದಿದ್ದರೆ ಅದು 30 ಸೆಕೆಂಡಿಗೊಮ್ಮೆ, ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಕುತೂಹಲಕ್ಕೆ ಲೆಕ್ಕ ಹಾಕಿದೆ. 347 ದಿನ! ಒಂದೇ ಫೈಲಿಗೆ! ಹಿಂದಿನದು ಮುಗಿಯದೆ ಶೆಡ್ಯೂಲರ್ ಹೊಸದನ್ನು ಶುರುಮಾಡುವುದೂ ಇಲ್ಲ. ಸ್ಕ್ರಿಪ್ಟಿನ ಕೊನೆಗೆ ಸ್ಲ್ಯಾಶ್ ಆರ್ ಕೋಲನ್ 2, ಸ್ಲ್ಯಾಶ್ ಡಬ್ಲ್ಯು ಕೋಲನ್ 5 ಅಂತ ಸೇರಿಸಿದೆ. ಎರಡೇ ಸಲ ಮತ್ತೆ ಕೇಳು, ಐದೈದು ಸೆಕೆಂಡ್ ಕಾಯಿ, ಮುಂದೆ ನಡಿ.

ಇಷ್ಟೆಲ್ಲ ಆದರೂ ಸ್ಪೀಡ್ ಸೆಕೆಂಡಿಗೆ 11 ಎಂಬಿ ದಾಟುತ್ತಿರಲಿಲ್ಲ. ಬಾಕಿ ಇದ್ದದ್ದು 640 ಜಿಬಿ. ಹದಿನಾರು ಗಂಟೆಯ ಲೆಕ್ಕ. ಅಡಾಪ್ಟರ್ ಸ್ಟೇಟಸ್ ನೋಡಿದರೆ ಗಿಗಾಬಿಟ್ (1000 ಎಂಬಿಪಿಎಸ್) ಇರಬೇಕಾದಲ್ಲಿ 100 ಎಂಬಿಪಿಎಸ್ ಅಂತಿದೆ. ಇದು ಮೆಗಾಬಿಟ್ ಲೆಕ್ಕ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಡೆಸ್ಕ್‌ಟಾಪ್ ಹಿಂದಿನ ಕೇಬಲ್ ಕಿತ್ತು ಕಿಟಕಿ ಬೆಳಕಿಗೆ ಹಿಡಿದೆ. ತುದಿಯ ಎಂಟು ಹಿತ್ತಾಳೆ ಬಣ್ಣದ ಹಲ್ಲುಗಳಲ್ಲಿ ಎರಡಕ್ಕೆ ಹಸಿರು ಕಿಲುಬು. ನಮ್ಮ ಮಳೆಗಾಲದಲ್ಲಿ ಕ್ಯಾಮೆರಾ ಲೆನ್ಸಿಗೇ ಬೂಷ್ಟು ಬರುತ್ತದೆ, ಕೇಬಲ್ ಯಾವ ಲೆಕ್ಕ? ಗಿಗಾಬಿಟ್‌ಗೆ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಹಾಗಾಗಿ ಕೇಬಲ್ ಪೂರ್ತಿ ಸಾಯುವುದಿಲ್ಲ, ಕುಂಟುತ್ತಾ ನಡೆಯುತ್ತದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಒತ್ತಿದೆ. ಹತ್ತು ರೂಪಾಯಿ ಕೂಡ ಆಗಲಿಲ್ಲ. ಸ್ಪೀಡ್ ಸೆಕೆಂಡಿಗೆ 100 ಎಂಬಿ ಆಸುಪಾಸಿಗೆ ಏರಿತು, ಅವತ್ತು ಸಂಜೆ ಚಹಾದ ಹೊತ್ತಿಗೆ ಹಚ್ಚಿದ್ದು ಅಂಗಡಿ ಮುಚ್ಚುವ ಮೊದಲೇ ಮುಗಿಯಿತು.

ಈಗ ಪ್ರತಿ ಸೋಮವಾರ ನಾಸ್‌ನಿಂದ ಯಾವುದೋ ಒಂದು ಹಳೆ ಫೋಲ್ಡರ್ ವಾಪಸ್ ಎಳೆದು ಒಂದೆರಡು ಫೋಟೊ ತೆರೆದು ನೋಡುತ್ತೇನೆ. ಹೋದ ವಾರ 2024ರ ಮಾರಿಕಾಂಬಾ ಜಾತ್ರೆಯ ರಥದ ಫೋಟೊ ಬಂತು. ಲಾಗ್ ಫೈಲಿನ ಕೊನೆಯ ಸಾಲುಗಳು ದಿನಾ ಬೆಳಿಗ್ಗೆ ಸ್ಕ್ರೀನ್ ಮೇಲೆ ತಾನಾಗಿಯೇ ತೆರೆದುಕೊಳ್ಳುವ ಹಾಗೆ ಮಾಡಿದ್ದೇನೆ.

ಅಕ್ಟೋಬರಿನಲ್ಲಿ ಮಾತ್ರ ನಡುನಡುವೆ 16 ಕಾಣುತ್ತದೆ. ಗುಡುಗಿನ ಸಂಜೆ ಅಂಗಡಿ ಮುಚ್ಚುವಾಗ ನಾಸ್‌ನ ಪ್ಲಗ್ಗು, ಕೇಬಲ್ಲು ಎರಡೂ ಕಿತ್ತಿಟ್ಟೇ ಹೋಗುವುದು ನಾನು.