ಹಳೇ ಸ್ವಿಫ್ಟ್‌ನ ಹೆಡ್‌ಲೈಟು ಎರಡು ಸಲ ಉಜ್ಜಿದ ನನ್ನ ಅನುಭವ

ನಮ್ಮದು 2009ರ ಸ್ವಿಫ್ಟ್, ಪೆಟ್ರೋಲ್ ಗಾಡಿ. ಇಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ, ಏಸಿ ಪರವಾಗಿಲ್ಲ. ಆದರೆ ಎದುರಿನಿಂದ ನೋಡಿದರೆ ಕಾಮಾಲೆ ಬಂದವರ ಹಾಗೆ ಕಾಣುತ್ತಿತ್ತು. ಬೆಂಗಳೂರಿನ ನಮ್ಮ ಬಾಡಿಗೆ ಮನೆಗೆ ಪಾರ್ಕಿಂಗ್ ಇಲ್ಲ, ವರ್ಷಗಟ್ಟಲೆ ಬೀದಿಯಲ್ಲೇ ಮೂತಿ ಪಶ್ಚಿಮಕ್ಕೆ ಮಾಡಿಕೊಂಡು ನಿಂತ ಗಾಡಿ ಅದು. ಎಡಗಡೆ ದೀಪಕ್ಕೆ ಪಕ್ಕದ ಮನೆಯ ಹೊಂಗೆ ಮರದ ನೆರಳು ಸಿಗುತ್ತದೆ. ಬಲಗಡೆಯದಕ್ಕೆ ಸಂಜೆ ಬಿಸಿಲು ನೇರ ಹೊಡೆತ. ಹಾಗಾಗಿ ಎಡಗಡೆಯದು ಮಬ್ಬಾಗಿತ್ತು ಅಷ್ಟೇ, ಬಲಗಡೆಯದು ಹಳೇ ಪ್ಲಾಸ್ಟಿಕ್ ಬಕೆಟ್ಟಿನ ತಳದ ಹಾಗಾಗಿತ್ತು. ಒಂದೇ ಗಾಡಿ, ಒಂದೇ ವಯಸ್ಸು. ಬಿಸಿಲು ಏನು ಮಾಡುತ್ತದೆ ಅನ್ನುವುದಕ್ಕೆ ಇಷ್ಟು ಸಾಕಲ್ವಾ?

ನಾನು ಇದನ್ನು ಗಂಭೀರವಾಗಿ ತಗೊಂಡದ್ದು 2022ರ ನವೆಂಬರ್‌ನಲ್ಲಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಲು ಹೊರಟಾಗ ಕತ್ತಲಾಗುತ್ತಾ ಬಂದಿತ್ತು, ಜೊತೆಗೆ ಮಂಜು. ಲೋ ಬೀಮ್ ಹಾಕಿದರೆ ಬಾನೆಟ್ಟಿನ ಮುಂದೆ ಒಂದು ಹಳದಿ ಉಂಡೆ ಬೆಳಕು, ಅದರಾಚೆ ಏನೂ ಇಲ್ಲ. ರಸ್ತೆಯಂಚಿನ ಬಿಳಿ ಗೆರೆ ಹುಡುಕಿಕೊಂಡು ಎರಡನೇ ಗೇರಿನಲ್ಲಿ ಇಳಿದೆ. ಹೆಂಡತಿ ಉಜಿರೆ ಬರುವವರೆಗೂ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದಾಳೆ ಅಂದರೆ ಪರಿಸ್ಥಿತಿ ಅರ್ಥ ಮಾಡಿಕೊಳ್ಳಿ.

ಊರಿಗೆ ಬಂದು ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. "ಬಲ್ಬು ವೀಕ್ ಆಗಿದೆ ಸಾರ್, 100/90 ಹಾಕಿಬಿಡೋಣ" ಅಂದರು. ನಮ್ಮ ಗಾಡಿಯದು ಎಚ್4 ಬಲ್ಬು, ಕಂಪನಿ ಕೊಟ್ಟದ್ದು 60/55 ವ್ಯಾಟ್, ಅಂದರೆ ಹೈ ಬೀಮ್‌ಗೆ 60, ಲೋ ಬೀಮ್‌ಗೆ 55. ಯೋಚನೆ ಮಾಡದೆ ಹೂಂ ಅಂದೆ. ಬೆಳಕು ಸ್ವಲ್ಪ ಜಾಸ್ತಿ ಆದಂತೆ ಕಂಡಿತು, ಆದರೆ ಆ ಮಬ್ಬಿನಲ್ಲೇ ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ತಿಂಗಳಲ್ಲಿ ಬಾನೆಟ್ ತೆಗೆದಾಗ ಸುಟ್ಟ ವಾಸನೆ. ನೋಡಿದರೆ ಬಲಗಡೆ ಬಲ್ಬಿನ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿತ್ತು. ವೈರು, ಹೋಲ್ಡರ್ ಎಲ್ಲ 60/55ಕ್ಕೆ ಲೆಕ್ಕ ಹಾಕಿ ಕೊಟ್ಟಿರುವುದು, ಅದರ ಮೇಲೆ ಅಷ್ಟು ಭಾರ ಹೇರಿದರೆ ಅದೇನು ಮಾಡೀತು? ಹೋಲ್ಡರ್ ಬದಲಿಸಿ ಹಳೇ ವ್ಯಾಟಿಗೇ ವಾಪಸ್ ಬಂದೆ. ಬೆಳಕು ಹೊರಗೆ ಬರುವ ಬಾಗಿಲೇ ಮುಚ್ಚಿರುವಾಗ ಒಳಗೆ ಎಷ್ಟು ಉರಿಸಿದರೇನು.

ಆಮೇಲೆ ಟೂತ್‌ಪೇಸ್ಟ್. ಎಲ್ಲರೂ ಹೇಳುವುದು ಅದನ್ನೇ. ನಾನೂ ಮಾಡಿದೆ, ಹಲ್ಲುಜ್ಜುವ ಬಿಳಿ ಪೇಸ್ಟು ಹಚ್ಚಿ ಹಳೇ ಬನಿಯನ್ ಬಟ್ಟೆಯಲ್ಲಿ ಅರ್ಧ ಗಂಟೆ ತಿಕ್ಕಿದೆ. ನಿಜ ಹೇಳಬೇಕೆಂದರೆ ಹೊಳೆಯಿತು. ಮೇಲಿನ ಪುಡಿಪುಡಿ ಪದರ ಒಂದಿಷ್ಟು ಹೋಗಿತ್ತು. ಮೂರು ವಾರಕ್ಕೆ ಮತ್ತೆ ಮೊದಲಿನಂತೆಯೇ. ತುಕ್ಕು ಬಿಡಿಸಲು ಹೊಡೆಯುವ ಎಣ್ಣೆ ಸ್ಪ್ರೇ ಡಬ್ಲ್ಯುಡಿ-40 ಒರೆಸಿದವರದ್ದೂ ಇದೇ ಕತೆ. ಎಣ್ಣೆ ಒಣಗುವವರೆಗೆ ಹೊಳಪು, ಅಷ್ಟೇ.

ಇಲ್ಲಿ ಒಂದು ವಿಷಯ ನನಗೆ ತಡವಾಗಿ ತಲೆಗೆ ಹೋಯಿತು. ನಾವು ಬಾಯಲ್ಲಿ ಗ್ಲಾಸು ಅನ್ನುತ್ತೇವೆ, ಆದರೆ ಅದು ಗಾಜಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಲ್ಲಿ ಗಾಜಿತ್ತು, ಎಷ್ಟು ಬಿಸಿಲು ಬಿದ್ದರೂ ಹಳದಿ ಆಗುತ್ತಿರಲಿಲ್ಲ. ಈಗಿನವು ಪಾಲಿಕಾರ್ಬೊನೇಟ್. ಕಲ್ಲು ಬಿದ್ದರೆ ಗಾಜಿನ ಹಾಗೆ ಪುಡಿಯಾಗುವುದಿಲ್ಲ, ಹಗುರ, ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಆದರೆ ಬಿಸಿಲಿನ ಯುವಿ ಕಿರಣ ಅದಕ್ಕೆ ಆಗಿಬರುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲೇ ಮೇಲೆ ಒಂದು ತೆಳ್ಳನೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ನಮಗೆ ಕಾಣುವ ಹಳದಿ ಕೊಳೆಯಲ್ಲ, ಆ ಲೇಪವೇ ಹಾಳಾಗಿ, ಅದರಡಿಯ ಪ್ಲಾಸ್ಟಿಕ್ಕೂ ಸುಡಲು ಶುರುವಾಗಿರುವುದು. ಉಜ್ಜಿ ಹೊಳೆಯಿಸುವುದು ಅಂದರೆ ಉಳಿದ ಕೊಡೆಯನ್ನೂ ಕಿತ್ತು ಬಿಸಾಡಿದಂತೆ. ಇನ್ನೊಂದು ಕೊಡೆ ಹಿಡಿಯದಿದ್ದರೆ ಮೊದಲಿಗಿಂತ ಬೇಗ ಹಾಳಾಗುತ್ತದೆ.

ಇದು ಗೊತ್ತಿಲ್ಲದೆ 2023ರ ಜನವರಿಯಲ್ಲಿ ಮೊದಲ ಸಲ ಸರಿಯಾಗಿ ಉಜ್ಜಿದೆ. 600ರಿಂದ ಶುರು ಮಾಡಿ 1000, 1500, 2000, 3000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ), ಆಮೇಲೆ ಡ್ರಿಲ್ಲಿಗೆ ಸ್ಪಂಜು ಸಿಕ್ಕಿಸಿ ರಬ್ಬಿಂಗ್ ಕಾಂಪೌಂಡ್ ಅನ್ನುವ ಪಾಲಿಶ್ ಪೇಸ್ಟು. ಕನ್ನಡಿ ಕನ್ನಡಿ! ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಕೊನೆಗೆ ಸುಮ್ನೆ ಸ್ವಲ್ಪ ಮೇಣ ಒರೆಸಿದ್ದೆ. ಮೇಣದ ಆಯಸ್ಸು ನಾಲ್ಕಾರು ವಾರ. ಏಪ್ರಿಲ್, ಮೇ ಬಿಸಿಲು ಕುಡಿದು ಜುಲೈ ಹೊತ್ತಿಗೆ ಬಲಗಡೆಯದು ಮತ್ತೆ ಹಳದಿ. ಫೋಟೋಗೆ ಹೊಗಳಿದವರೆಲ್ಲ ಈಗ ಸಿಕ್ಕಾಗ ನಗುತ್ತಿದ್ದರು.

2024ರ ಮಾರ್ಚ್‌ಗೆ ಗಾಡಿಗೆ 15 ವರ್ಷ ತುಂಬುತ್ತಿತ್ತು. ಆರ್‌ಸಿ ಇನ್ನೈದು ವರ್ಷಕ್ಕೆ ನವೀಕರಿಸಬೇಕು, ಗಾಡಿ ತೋರಿಸಬೇಕು. ಹೊಸ ಜೋಡಿ ದೀಪಕ್ಕೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದೆ. ಕಡಿಮೆ ಬೆಲೆಯದು ಕೈಗೆ ತಗೊಂಡರೆ ತೆಳ್ಳಗೆ ಕಂಡಿತು, ಕಂಪನಿ ಮಾಲಿಗೆ ಜೇಬು ಒಪ್ಪಲಿಲ್ಲ. ಸರಿ, ಇನ್ನೊಂದು ಸಲ ನೋಡೇಬಿಡೋಣ ಅಂತ ಫೆಬ್ರವರಿಯಲ್ಲಿ ತುಮಕೂರಿನ ಅತ್ತೆ ಮನೆಗೆ ಗಾಡಿ ಹೊಡೆದುಕೊಂಡು ಹೋದೆ. ಅಲ್ಲಿ ಪೋರ್ಟಿಕೋ ಇದೆ, ನೆರಳಿದೆ, ನಲ್ಲಿ ಹತ್ತಿರ. ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ, ತೇವಕ್ಕೆ ಲೇಪ ಬಿಳಿಚಿಕೊಳ್ಳುತ್ತದೆ.

ಮೊದಲು ದೀಪದ ಸುತ್ತ ಪೇಂಟಿಗೆ ಮಾಸ್ಕಿಂಗ್ ಟೇಪು, ಎರಡು ಸುತ್ತು. ಪೇಪರ್ ಜಾರಿ ಬಾನೆಟ್ ಮೇಲೆ ಒಂದು ಗೀರು ಬಿದ್ದರೂ ಅದರ ಖರ್ಚು ದೀಪಕ್ಕಿಂತ ಜಾಸ್ತಿ. ಪೇಪರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿದೆ, ಬಕೆಟ್ಟಿಗೆ ಎರಡು ಹನಿ ಶಾಂಪೂ. ಈ ಸಲ ಬಲಗಡೆಯದಕ್ಕೆ 400ರಿಂದಲೇ ಶುರು ಮಾಡಿದೆ. ನಂಬರ್ ಚಿಕ್ಕದಾದಷ್ಟೂ ಒರಟು. 400 ಹಾಕಿದ ತಕ್ಷಣ ದೀಪ ಪೂರ್ತಿ ಬೆಳ್ಳಗಾಗಿ ಅಯ್ಯೋ ಹಾಳು ಮಾಡಿಬಿಟ್ಟೆನಾ ಅನಿಸುತ್ತದೆ. ಹೆದರಬೇಡಿ. ಇಳಿಯುವ ನೀರನ್ನು ನೋಡುತ್ತಿರಿ. ಶುರುವಿನಲ್ಲಿ ಅರಿಶಿನ ಬಿದ್ದ ಮಜ್ಜಿಗೆಯ ಹಾಗೆ ಹಳದಿ ನೀರು, ಬೆರಳಿಗೆ ಅಂಟಂಟು. ಉಜ್ಜುತ್ತಾ ಹೋದಂತೆ ಅದು ತೆಳುವಾಗಿ ಕೊನೆಗೆ ಅಕ್ಕಚ್ಚಿನ ಹಾಗೆ ಬರೀ ಬಿಳಿ ನೀರು ಬರುತ್ತದೆ. ಆಗ ಹಳೇ ಲೇಪ ಪೂರ್ತಿ ಹೋಯಿತು ಅಂತ ಲೆಕ್ಕ. ಎಡಗಡೆಯದರಲ್ಲಿ ಅರ್ಧ ಲೇಪ ಗಟ್ಟಿಯಾಗಿತ್ತು. ನೀರು ಒರೆಸಿ ಓರೆಯಾಗಿ ನೋಡಿದರೆ ನಕಾಶೆಯಲ್ಲಿ ಜಿಲ್ಲೆಯ ಗಡಿ ಎಳೆದ ಹಾಗೆ ಒಂದು ಗೆರೆ. ಆ ಗೆರೆ ಉಳಿಸಿ ಮೇಲೆ ಏನು ಹೊಡೆದರೂ ಅದು ಕಾಣುತ್ತದೆ, ಅಲ್ಲಿಂದಲೇ ಏಳುತ್ತದೆ ಕೂಡ. ಅದೊಂದನ್ನು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು.

400 ಅಡ್ಡಡ್ಡ, 600 ಉದ್ದುದ್ದ, 800 ಮತ್ತೆ ಅಡ್ಡ. ಹೀಗೆ ದಿಕ್ಕು ಬದಲಿಸಿದರೆ ಹಿಂದಿನ ಪೇಪರಿನ ಗೀರು ಉಳಿದಿದೆಯಾ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಒದ್ದೆಯಿದ್ದಾಗ ಎಲ್ಲ ಚೆನ್ನಾಗೇ ಕಾಣುತ್ತದೆ, ನಂಬಬೇಡಿ. ಒಣಗಿಸಿ ನೋಡಬೇಕು.

ಈ ಸಲ 1000ಕ್ಕೇ ನಿಲ್ಲಿಸಿದೆ. 3000ಕ್ಕೆ ಹೋಗಲಿಲ್ಲ, ಪಾಲಿಶ್ ಮುಟ್ಟಲೇ ಇಲ್ಲ. ಪೂರ್ತಿ ನುಣುಪಾದ ಮೈಗೆ ಲೇಪ ಹಿಡಿಯುವುದಿಲ್ಲ, ಸಣ್ಣ ಗೀರು ಇದ್ದರೇ ಅದಕ್ಕೆ ಕಚ್ಚಿಕೊಳ್ಳಲು ಜಾಗ. ಗೀರುಗಳನ್ನು ಲೇಪವೇ ತುಂಬಿಕೊಳ್ಳುತ್ತದೆ. ಓದಿ ಗೊತ್ತಿತ್ತು, ಆದರೆ ಬಚ್ಚಲುಮನೆ ಕಿಟಕಿಯ ಗಾಜಿನ ಹಾಗೆ ಮಂಕಾಗಿದ್ದ ಎರಡು ದೀಪ ನೋಡಿ ನನಗೇ ನಂಬಿಕೆ ಬರಲಿಲ್ಲ. ಮಾವ ಬಂದು ನೋಡಿ, "ಮೊದಲೇ ಚೆನ್ನಾಗಿತ್ತಲ್ಲಪ್ಪಾ" ಅಂದರು.

ಇದರ ಮಧ್ಯೆ ಒಂದು ಎಡವಟ್ಟು. ಟೇಪಿನ ಅಂಟು ದೀಪದ ಅಂಚಿಗೆ ಮೆತ್ತಿಕೊಂಡಿತ್ತು. ಪಕ್ಕದಲ್ಲೇ ಥಿನ್ನರ್ ಡಬ್ಬಿ ಇತ್ತು, ಬಟ್ಟೆಗೆ ತಾಗಿಸಿ ಒರೆಸಿಬಿಟ್ಟೆ. ನೋಡುನೋಡುತ್ತಲೇ ಹೆಸರುಕಾಳಿನಷ್ಟು ಜಾಗದಲ್ಲಿ ಜೇಡರಬಲೆಯಂಥ ಬಿಳಿ ಬಿರುಕು ಹರಡಿತು. ಲೇಪ ಕಿತ್ತ ಬರೀ ಪಾಲಿಕಾರ್ಬೊನೇಟಿಗೆ ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ತೆಗೆಯುವ ದ್ರವ ಯಾವುದೂ ತಾಗಬಾರದು. ಆ ಬಿರುಕು ಒಳಕ್ಕೆ ಇಳಿದಿರುತ್ತದೆ, ಉಜ್ಜಿದರೂ ಹೋಗಲಿಲ್ಲ. ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬೆರಳು ತಾಗಿಸಬಾರದು.

ಲೇಪಕ್ಕೆ ತಂದದ್ದು 2ಕೆ ಕ್ಲಿಯರ್ ಕೋಟ್ ಸ್ಪ್ರೇ, ಅಂದರೆ ಎರಡು ಭಾಗ ಬೆರೆತು ಗಟ್ಟಿಯಾಗುವ ಪಾರದರ್ಶಕ ಲೇಪ, ಯುವಿ ತಡೆಯುವಂಥದ್ದು. ಮಾಮೂಲಿ ಲ್ಯಾಕರ್ ಸ್ಪ್ರೇ ಬೇರೆ, ಇದು ಬೇರೆ. ಇದರ ತಳದಲ್ಲಿ ಒಂದು ಗುಂಡಿ ಇರುತ್ತದೆ, ಒತ್ತಿದರೆ ಒಳಗಿನ ಹಾರ್ಡ್‌ನರ್ ಬೆರೆಯುತ್ತದೆ. ಒಂದು ಸಲ ಬೆರೆತ ಮೇಲೆ ಡಬ್ಬಿ ಹೆಚ್ಚು ದಿನ ಬಾಳುವುದಿಲ್ಲ, ಹಾಗಾಗಿ ಎರಡೂ ದೀಪ ತಯಾರಾದ ಮೇಲೇ ಒತ್ತಿ. ಇದರಲ್ಲಿ ಐಸೊಸಯನೇಟ್ ಇದೆ, ಉಸಿರಿಗೆ ಕೆಟ್ಟದ್ದು. ಕೊರೋನಾ ಕಾಲದ ಬಟ್ಟೆ ಮಾಸ್ಕು ಸಾಲದು, ಪೇಂಟರ್‌ಗಳು ಹಾಕುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮಕ್ಕಳನ್ನು ಹಿತ್ತಲಿಗೆ ಓಡಿಸಿ, ಧೂಳೇಳದಂತೆ ನೆಲಕ್ಕೆ ನೀರು ಚಿಮುಕಿಸಿ ಶುರು ಮಾಡಿದೆ.

ಮೊದಲ ಸಲ ಬರೀ ಇಬ್ಬನಿ ಬಿದ್ದ ಹಾಗೆ, ತೆಳ್ಳಗೆ. ಹತ್ತು ನಿಮಿಷ ಕಾದೆ. ಎರಡನೇ ಸಲ ಸ್ವಲ್ಪ ಹಸಿಯಾಗಿ, ಎಡದಿಂದ ಬಲಕ್ಕೆ ನಿಲ್ಲಿಸದೆ ಕೈ ಆಡಿಸಿದೆ. ಆ ಮಂಕು ಗಾಜು ಕೈ ಹೋದ ದಾರಿಯಲ್ಲೇ ತೆರೆದುಕೊಳ್ಳುತ್ತಾ ಬಂತು. ಒಳಗಿನ ಬಲ್ಬು, ಅದರ ಹಿಂದಿನ ಬೆಳ್ಳಿ ಬಟ್ಟಲು, ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ಸಣ್ಣ ಅಕ್ಷರ, ಎಲ್ಲ. ಮಾವ ಕುರ್ಚಿಯಿಂದ ಎದ್ದು ಬಂದರು. ಆ ಖುಷಿಯಲ್ಲೇ ಮೂರನೇ ಸುತ್ತಿನಲ್ಲಿ ಬಲಗಡೆ ಕೆಳಮೂಲೆಯಲ್ಲಿ ಕೈ ಅರೆಕ್ಷಣ ನಿಂತಿತು. ಒಂದು ಹನಿ ಇಳಿದು ಅಲ್ಲೇ ಗಟ್ಟಿಯಾಯಿತು. ಒರೆಸಲು ಹೋಗಲಿಲ್ಲ, ಒರೆಸಿದ್ದರೆ ಬೆರಳಚ್ಚೂ ಜೊತೆಗೆ ಸೇರುತ್ತಿತ್ತು.

ಒಂದು ದಿನ ಹಾಗೇ ಬಿಟ್ಟು ಮರುದಿನ ಟೇಪು ತೆಗೆದೆ. ಇಲ್ಲೂ ತಪ್ಪಿದೆ. ಲೇಪ ಅರೆ ಹಸಿ ಇರುವಾಗಲೇ ಟೇಪು ಎಳೆಯಬೇಕಿತ್ತು. ಪೂರ್ತಿ ಒಣಗಿದ್ದರಿಂದ ಎಡ ಅಂಚಿನಲ್ಲಿ ಉಗುರಿನಷ್ಟು ಟೇಪಿನ ಜೊತೆಗೇ ಎದ್ದು ಬಂತು. ಒಂದು ವಾರ ಗಾಡಿ ತೊಳೆಯಲಿಲ್ಲ.

ಖರ್ಚು ಮಾಸ್ಕೂ ಸೇರಿ ಎರಡು ಸಾವಿರದ ಒಳಗೆ, ಒಂದು ಪೂರ್ತಿ ಭಾನುವಾರ, ಮರುದಿನ ಭುಜ ನೋವು. ಆರ್‌ಸಿ ಕೆಲಸ ಮಾರ್ಚ್‌ನಲ್ಲಿ ಮುಗಿಯಿತು. ಎಲ್ಲ ದೀಪಕ್ಕೂ ಇದು ಆಗುತ್ತದೆ ಅಂತಲ್ಲ. ಒಳಗಡೆ ನೀರು ಸೇರಿ ಮಬ್ಬಾಗಿದ್ದರೆ ಹೊರಗೆ ಎಷ್ಟು ಉಜ್ಜಿದರೂ ದಂಡ, ಸೀಲ್ ನೋಡಿಸಬೇಕು. ಒಳಗಿನ ಬೆಳ್ಳಿ ಬಟ್ಟಲು ಸುಟ್ಟು ಕಪ್ಪಾಗಿದ್ದರೆ ಹೊಸದೇ ಗತಿ.

ಅದಾದ ಮೇಲೆ ಎರಡು ಬೇಸಿಗೆ ಕಳೆದಿವೆ, ಗಾಡಿ ಅದೇ ಬೀದಿಯಲ್ಲಿ, ಅದೇ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಿದೆ. ಎಡಗಡೆಯದು ಸ್ವಚ್ಛವಾಗಿದೆ, ಆ ಎದ್ದ ಅಂಚೊಂದು ಬಿಟ್ಟು. ಬಲಗಡೆಯದರ ಮೇಲ್ತುದಿಯಲ್ಲಿ ಹತ್ತಿರ ಹೋಗಿ ನೋಡಿದರೆ ತೆಳ್ಳನೆ ಮಂಜು ಕಾಣಲು ಶುರುವಾಗಿದೆ. ಬರುವ ಜನವರಿಯಲ್ಲಿ 800, 1000 ಎರಡೇ ಪೇಪರಿನಲ್ಲಿ ಕೆರೆದು ಅದೊಂದಕ್ಕೆ ಮತ್ತೆ ಹೊಡೆಯಬೇಕು. ಈ ಸಲ ಟೇಪು ಬೇಗ ತೆಗೆಯುತ್ತೇನೆ.