ಸ್ಟ್ರಿಂಗ್ ರಿಪ್ಲೇಸ್ ಪ್ರಶ್ನೆ: ಐದನೇ ಇಂಟರ್ವ್ಯೂನಲ್ಲಿ ಕೈ ಹಿಡಿದ ವಿಧಾನ

ಸಾಫ್ಟ್‌ವೇರ್ ಕೆಲಸದ ಆಫರ್ ಲೆಟರ್ ಕೈಗೆ ಬಂದು ಕೆಲವು ತಿಂಗಳಾಯಿತು. ಪಿಜಿಯಲ್ಲಿ ನನ್ನ ಜೊತೆಗಿದ್ದ ಇಬ್ಬರು ಈಗ "ಆ ಬಲಕ್ಕೆ ಸರಿಸೋ ಲೆಕ್ಕ ಇನ್ನೊಂದ್ ಸಲ ಹೇಳು ಗುರು" ಅಂತ ಬರುತ್ತಿದ್ದಾರೆ. ಆರು ತಿಂಗಳ ಹಿಂದೆ ಇವರೇ, ಸ್ಟ್ರಿಂಗ್ ರಿಪ್ಲೇಸ್, ಅಂದರೆ ಪಠ್ಯದಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವ ಇಷ್ಟು ಚಿಕ್ಕ ಪ್ರಶ್ನೆಗೆ ರಾತ್ರಿ ನಿದ್ದೆ ಕೆಡಿಸಿಕೊಳ್ಳೋದು ದಂಡ, ಪೈಥಾನ್ ಭಾಷೆಯಲ್ಲಿ ಅದು ಒಂದೇ ಸಾಲು, ಸುಮ್ಮನೆ ಡೈನಮಿಕ್ ಪ್ರೋಗ್ರಾಮಿಂಗ್‌ನಂಥ ದೊಡ್ಡ ವಿಷಯ ಓದು ಅಂದವರು. ಅವರ ಮೇಲೆ ಸಿಟ್ಟಿಲ್ಲ. ನಾಲ್ಕು ಇಂಟರ್ವ್ಯೂನಲ್ಲಿ ನಾಲ್ಕೂ ಸಲ ಬಿದ್ದವನಿಗೆ ಇನ್ನೇನು ಹೇಳುತ್ತಾರೆ? ಆದರೆ ವಿಧಾನ ಸರಿಯಿತ್ತು, ನನ್ನ ಕೈ ಅದಕ್ಕೆ ಪಳಗಿರಲಿಲ್ಲ ಅಷ್ಟೇ.

ಪ್ರಶ್ನೆ ನಿಮಗೆಲ್ಲ ಗೊತ್ತಿರುವುದೇ. ಸಿ ಪ್ರೋಗ್ರಾಮಿಂಗ್ ಭಾಷೆಯ ಒಂದು ಬಫರ್ (ಅಕ್ಷರಗಳನ್ನು ಸಾಲಾಗಿ ಇಡುವ ಮೆಮೊರಿ ಜಾಗ), ಒಳಗೊಂದು ವಾಕ್ಯ, ಕೊನೆಗೆ ಒಂದಿಷ್ಟು ಖಾಲಿ ಜಾಗ. ಸ್ಪೇಸ್‌ಗಳನ್ನೆಲ್ಲ, ವೆಬ್ ವಿಳಾಸಗಳಲ್ಲಿ ಇರುವಂತೆ, %20 ಅನ್ನುವ ಮೂರು ಚಿಹ್ನೆ ಮಾಡಬೇಕು, ಇನ್ನೊಂದು ಬಫರ್ ಮುಟ್ಟುವಂತಿಲ್ಲ. ಅಷ್ಟು ಮುಗಿಸಿದರೆ ಪ್ರಶ್ನೆ ಬೆಳೆಯುತ್ತದೆ. ಸ್ಪೇಸ್ ಬದಲು ಯಾವುದಾದರೂ ಪದ ಅನ್ನುತ್ತಾರೆ, ಆಮೇಲೆ ಹತ್ತು ಪದ ಒಟ್ಟಿಗೆ ಅನ್ನುತ್ತಾರೆ. ನಾನು ಹೆಚ್ಚಾಗಿ ಎಡವಿದ್ದು ಅದು ಬೆಳೆಯುವ ಜಾಗದಲ್ಲಿ.

ಮೊದಲನೆಯದು ಬೆಳ್ಳಂದೂರಿನ ಕಡೆ. ಅಲ್ಲಿ ಪ್ರಶ್ನೆ ಬೆಳೆಯುವಷ್ಟು ದೂರವೂ ಹೋಗಲಿಲ್ಲ. ಸ್ಪೇಸ್ ಎಣಿಸಿದೆ, ಒಂದೊಂದಕ್ಕೂ ಎರಡು ಸೇರಿಸಿದೆ, ಎಲ್ಲರೂ ಮಾಡುವಂತೆ ಕೊನೆಯಿಂದ ಹಿಂದಕ್ಕೆ ತುಂಬಿಕೊಂಡು ಬಂದೆ. ಎದುರಿಗಿದ್ದವರು "ಬಫರ್ ಕನಿಷ್ಠ ಎಷ್ಟಿರಬೇಕು?" ಅಂದರು. ಸ್ಟ್ರಿಂಗ್ ಇಲ್ಲಿಗೆ ಮುಗಿಯಿತು ಅಂತ ಗುರುತಿಸುವ ಕೊನೆಯ ಸೊನ್ನೆ ಬೈಟನ್ನು ಮರೆತು ಒಂದು ಕಡಿಮೆ ಹೇಳಿದೆ. ಆ ಒಂದು ಬೈಟಿಗೆ ಒಂದು ದಿನದ ಸಂಬಳ ಹೋಯಿತು, ಯಾಕೆಂದರೆ ಆಗಿನ ಸಪೋರ್ಟ್ ಕೆಲಸದಲ್ಲಿ ಉಳಿದ ರಜೆ ಇರಲಿಲ್ಲ. ಕೈಗೆ ಬರುತ್ತಿದ್ದದ್ದು ತಿಂಗಳಿಗೆ 27 ಸಾವಿರದ ಹತ್ತಿರ, ದಿನಕ್ಕೆ 900 ಚಿಲ್ಲರೆ ಕಟ್. ಪಿಜಿಗೆ ಒಂಬತ್ತೂವರೆ ಸಾವಿರ. ಕೋಚಿಂಗ್‌ಗೆ ಅಂತ ಕಂತಿನಲ್ಲಿ 38 ಸಾವಿರ ಕಟ್ಟಿದ್ದೆ, ಅಲ್ಲಿ ಇನ್ನೂರು ಪ್ರಶ್ನೆಗಳ ಉತ್ತರ ಬಾಯಿಪಾಠ ಮಾಡಿಸಿದರು. ಆ ದುಡ್ಡು ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ಎರಡನೆಯದರಲ್ಲಿ ಸೊನ್ನೆ ಬೈಟ್ ಮರೆಯಲಿಲ್ಲ. ಸ್ಪೇಸ್ ಮುಗಿಸಿ ಪದದ ಪ್ರಶ್ನೆಗೆ ಬಂದೆವು. ಅದನ್ನೂ ಹಿಂದಿನಿಂದಲೇ ಹುಡುಕುತ್ತ ತುಂಬಿದೆ. ಆಗ ಅವರು ಮೂರು ‘ಎ’ ಇರುವ ಸ್ಟ್ರಿಂಗ್ ಕೊಟ್ಟು, ಎರಡು ‘ಎ’ ಒಟ್ಟಿಗೆ ಸಿಕ್ಕರೆ ಅಲ್ಲಿ ‘ಬಿಸಿಡಿ’ ಹಾಕು ಅಂದರು. ಎಡದಿಂದ ನೋಡಿದರೆ ‘ಬಿಸಿಡಿಎ’ ಬರಬೇಕು, ನನ್ನದು ‘ಎಬಿಸಿಡಿ’ ಕೊಟ್ಟಿತು. ಒಂದೇ ಅಕ್ಷರ ಹುಡುಕುವಾಗ ದಿಕ್ಕು ಯಾವುದಾದರೂ ನಡೆಯುತ್ತದೆ, ಪದ ಬಂದಕೂಡಲೇ ನಡೆಯುವುದಿಲ್ಲ. ಸಿಕ್ಕ ಜಾಗಗಳನ್ನು ಎಡದಿಂದ ಬರೆದಿಟ್ಟುಕೊಂಡು ಆಮೇಲೆ ಹಿಂದಿನಿಂದ ತುಂಬಬಹುದು ಅಂತ ತೋಚುವ ಹೊತ್ತಿಗೆ ಸಮಯ ಮುಗಿದಿತ್ತು. ತೋಚಿದ್ದರೂ ಆ ಪಟ್ಟಿಗೆ ಬೇರೆ ಮೆಮೊರಿ ಬೇಕು, ಅದನ್ನೇ ಅವರು ಬೇಡ ಅಂದಿದ್ದು.

ಮೂರನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 1977ರಲ್ಲಿ ಕ್ನೂತ್, ಮಾರಿಸ್, ಪ್ರಾಟ್ ಪ್ರಕಟಿಸಿದ ಹುಡುಕುವ ವಿಧಾನ ಬರೆದು ಬೆರಗಾಗಿಸೋಣ ಅಂತ ಹೋದೆ. ಅದರ ಟೇಬಲ್ ಕಟ್ಟುವಾಗ ಒಂದು ಇಂಡೆಕ್ಸ್ (ಸ್ಥಾನದ ಸಂಖ್ಯೆ) ತಪ್ಪಿತು, ಅದನ್ನು ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ರಿಪ್ಲೇಸ್ ಅನ್ನುವ ಅಸಲಿ ಕೆಲಸ ಶುರುವಾಗಲೇ ಇಲ್ಲ. ಅಂದಿನಿಂದ ನಾನು ಸಾದಾ ಹುಡುಕಾಟವನ್ನೇ ಬರೆಯುತ್ತೇನೆ, ಕೆಟ್ಟ ಇನ್‌ಪುಟ್ ಬಂದರೆ ಪಠ್ಯ ಮತ್ತು ಹುಡುಕುವ ಪದ, ಇವೆರಡರ ಉದ್ದಗಳ ಗುಣಾಕಾರದಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊದಲೇ ಬಾಯಿಬಿಟ್ಟು ಹೇಳುತ್ತೇನೆ. ಯಾರೂ ಅದಕ್ಕೆ ಮಾರ್ಕ್ಸ್ ಕಳೆದಿಲ್ಲ.

ಇಲ್ಲಿ ನನ್ನ ಸೋದರಮಾವನ ಅಂಗಡಿಯ ಕಥೆ ಹೇಳಲೇಬೇಕು. ಚಿತ್ರದುರ್ಗದಲ್ಲಿ ಮಾವನದು ಡಿಟಿಪಿ ಅಂಗಡಿ, ಮದುವೆ ಕಾರ್ಡು, ಸಂಘಗಳ ಆಹ್ವಾನ ಪತ್ರಿಕೆ, ಎಲ್ಲ ಪೇಜ್‌ಮೇಕರ್‌ನಲ್ಲಿ ನುಡಿ ಫಾಂಟು. ನಾನು ಪಿಯುಸಿ ಓದುವಾಗ ರಜೆಯಲ್ಲಿ ಅಲ್ಲೇ ಕೂರುತ್ತಿದ್ದೆ. ಒಂದು ಸಂಘದ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರಿದ್ದಲ್ಲಿ ಕಾರ್ಯದರ್ಶಿ, ಕಾರ್ಯದರ್ಶಿ ಇದ್ದಲ್ಲಿ ಅಧ್ಯಕ್ಷರು ಆಗಿಬಿಟ್ಟಿತ್ತು. ಮಾವ "ಅದಲು ಬದಲು ಮಾಡಪ್ಪ" ಅಂದರು. ಮೊದಲ ಹೆಸರನ್ನು ಎರಡನೆಯದಕ್ಕೆ ರಿಪ್ಲೇಸ್ ಆಲ್ ಕೊಟ್ಟೆ, ಆಮೇಲೆ ಎರಡನೆಯದನ್ನು ಮೊದಲನೆಯದಕ್ಕೆ ಕೊಟ್ಟೆ. ಪತ್ರಿಕೆಯ ತುಂಬ ಒಬ್ಬರದೇ ಹೆಸರು ಉಳಿಯಿತು. ಯಾರೂ ನೋಡಲಿಲ್ಲ, 500 ಪ್ರತಿ ಅಚ್ಚಾಯಿತು. ಕಾಗದ, ಮಸಿ ಸೇರಿ ಮೂರು ಸಾವಿರದ ಹತ್ತಿರ ಮಾವನ ಜೇಬಿನಿಂದ ಹೋಯಿತು. ಬೈಯಲಿಲ್ಲ ಅವರು. ಮಧ್ಯೆ ಒಂದು ಸುಳ್ಳು ಹೆಸರು ಇಟ್ಟು ಮೂರು ಸಲ ಬದಲಿಸಬೇಕು ಅಂತ ತೋರಿಸಿಕೊಟ್ಟರು. ಎಲ್ಲ ಡಿಟಿಪಿಯವರಿಗೂ ಗೊತ್ತಿರುವ ಉಪಾಯ ಅದು. ಆ ಸುಳ್ಳು ಹೆಸರು ಪಠ್ಯದಲ್ಲಿ ಮೊದಲೇ ಇದ್ದರೆ ಅದೂ ಕೆಡುತ್ತದೆ.

ಅಂದು ತಲೆಯಲ್ಲಿ ಕೂತದ್ದು ಇಷ್ಟು: ಒಮ್ಮೆ ಬರೆದದ್ದನ್ನು ಮತ್ತೆ ಓದಕೂಡದು. ಬದಲಿಸಿದ ಜಾಗಕ್ಕೆ ಹುಡುಕಾಟ ಮತ್ತೆ ಹೋಗುತ್ತದೆ ಅಂದರೆ ಅಲ್ಲಿ ತಪ್ಪು ಕಾದಿರುತ್ತದೆ. ಒಂದು ‘ಎ’ ಇದ್ದಲ್ಲಿ ಎರಡು ‘ಎ’ ಹಾಕಿ, ಪ್ರತಿ ಸಲ ಮೊದಲಿನಿಂದ ಹುಡುಕುವ ಲೂಪ್ ಬರೆದು ನೋಡಿ, ಅದು ನಿಲ್ಲುವುದೇ ಇಲ್ಲ.

ಇದನ್ನೇ ಹಿಡಿದು ಬಲಕ್ಕೆ ಸರಿಸುವ ವಿಧಾನಕ್ಕೆ ಬಂದೆ. ಮೊದಲ ಸುತ್ತಿನಲ್ಲಿ ಎಡದಿಂದ ಎಣಿಸಿ ಎಷ್ಟು ಉದ್ದವಾಗುತ್ತದೆ ಅಂತ ತಿಳಿದುಕೊಳ್ಳುವುದು. ಹೆಚ್ಚಾಗುವಷ್ಟು ಬೈಟ್ ಇಡೀ ಸ್ಟ್ರಿಂಗನ್ನೇ ಸಿ ಭಾಷೆಯ ಮೆಮ್‌ಮೂವ್ ಫಂಕ್ಷನ್‌ನಿಂದ ಬಲಕ್ಕೆ ತಳ್ಳುವುದು. ಮೆಮ್‌ಕಾಪಿ ಬೇಡ, ಹಳೇ ಜಾಗ, ಹೊಸ ಜಾಗ ಒಂದರ ಮೇಲೊಂದು ಬಂದಾಗ ಅದನ್ನು ನಂಬುವಂತಿಲ್ಲ. ಈಗ ಓದುವ ಪಾಯಿಂಟರ್ (ಎಲ್ಲಿದ್ದೇವೆ ಅಂತ ತೋರಿಸುವ ಗುರುತು) ಸರಿಸಿದ ಸ್ಟ್ರಿಂಗಿನ ಶುರುವಿಗೆ, ಬರೆಯುವ ಪಾಯಿಂಟರ್ ಬಫರಿನ ಶುರುವಿಗೆ. ಎಡದಿಂದಲೇ ಓದಿ ಎಡದಿಂದಲೇ ಬರೆಯುವುದು. ಬರೆಯಲು ಉಳಿದದ್ದು ಓದಲು ಉಳಿದದ್ದಕ್ಕಿಂತ ಎಂದೂ ಕಡಿಮೆ ಇರುವುದಿಲ್ಲ, ಹಾಗಾಗಿ ಬರೆಯುವುದು ಓದುವುದನ್ನು ದಾಟಲು ಸಾಧ್ಯವಿಲ್ಲ. ಮೂರು ‘ಎ’ ಪ್ರಶ್ನೆ ತಾನಾಗಿ ಸರಿಹೋಗುತ್ತದೆ, ಜಾಗಗಳ ಪಟ್ಟಿಯೂ ಬೇಡ. ಹೊಸ ಪದ ಚಿಕ್ಕದಿದ್ದರೆ ತಳ್ಳುವ ಕೆಲಸವೇ ಇಲ್ಲ.

ಪಿಜಿಯವರು ನಂಬಲಿಲ್ಲ. "ಇಡೀ ಸ್ಟ್ರಿಂಗ್ ಸರಿಸ್ತೀಯಾ? ನಿಧಾನ ಆಗತ್ತೆ" ಅಂದರು. ಒಂದು ರಾತ್ರಿ 10 ಎಂಬಿಯ ಪಠ್ಯ ತೆಗೆದುಕೊಂಡು ಅಳೆದು ನೋಡಿದೆ. ಪ್ರತಿ ಸ್ಪೇಸ್ ಸಿಕ್ಕಾಗಲೂ ಬಾಲವನ್ನು ಎರಡು ಬೈಟ್ ಸರಿಸುವ ಸಾದಾ ಪ್ರೋಗ್ರಾಂ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಕಾಲು ಗಂಟೆ ದಾಟಿತು, ಫ್ಯಾನ್ ಕೂಗುತ್ತಿತ್ತು. ಒಂದೇ ಸಲ ಸರಿಸುವ ನನ್ನದು ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಮುಗಿದಿತ್ತು.

ಇಷ್ಟಾದರೂ ನಾಲ್ಕನೆಯದರಲ್ಲಿ ಬಿದ್ದೆ. ಎರಡು ಪದ ಒಟ್ಟಿಗೆ ಕೊಟ್ಟರು. ಒಂದು ಉದ್ದವಾಗುತ್ತದೆ, ಇನ್ನೊಂದು ಚಿಕ್ಕದಾಗುತ್ತದೆ. ಮೊದಲ ಪದಕ್ಕೆ ಐದು ಬೈಟ್ ಹೆಚ್ಚು, ಮುಂದೆ ಬರುವ ಪದಕ್ಕೆ ಐದು ಕಡಿಮೆ. ಒಟ್ಟು ವ್ಯತ್ಯಾಸ ಸೊನ್ನೆ, ಹಾಗಾಗಿ ನಾನು ಸರಿಸಲೇ ಇಲ್ಲ. ಮೊದಲ ಪದ ಬರೆಯುವಾಗಲೇ ಮುಂದಿನ ಅಕ್ಷರಗಳನ್ನು ನುಂಗಿಬಿಟ್ಟೆ. ವಾಪಸ್ ಬರುವಾಗ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಸ್ಸಿನ ಟಿಕೆಟ್ ಹಿಂದೆಯೇ ಲೆಕ್ಕ ಹಾಕಿದೆ. ಕೊನೆಯ ವ್ಯತ್ಯಾಸದಷ್ಟು ಸರಿಸಿದರೆ ಸಾಲದು. ಎಣಿಸುತ್ತ ಹೋಗುವಾಗ ಬರೆದದ್ದು ಓದಿದ್ದಕ್ಕಿಂತ ಎಷ್ಟು ಮುಂದೆ ಹೋಗುತ್ತದೆ ಅನ್ನುವುದನ್ನು ಪ್ರತಿ ಹೆಜ್ಜೆಗೂ ನೋಡಬೇಕು, ಅದರಲ್ಲಿ ಅತಿ ದೊಡ್ಡದು ಎಷ್ಟೋ ಅಷ್ಟು ಸರಿಸಬೇಕು. ಬಫರಿನಲ್ಲೂ ಹಳೇ ಉದ್ದ, ಈ ಸರಿಸುವಷ್ಟು, ಮೇಲೆ ಒಂದು, ಇಷ್ಟು ಜಾಗ ಬೇಕು. ಈ ಸಾಲನ್ನು ನಾನು ಯಾರಿಂದಲೂ ಕಲಿತದ್ದಲ್ಲ, ಹೆಮ್ಮೆಯಿಂದ ಹೇಳುತ್ತೇನೆ.

ಐದನೆಯದು ವಿಡಿಯೋ ಕಾಲ್, 45 ನಿಮಿಷ. ಸ್ಪೇಸ್ ಮತ್ತು ಒಂದು ಪದದ ಪ್ರಶ್ನೆ ಸುಮಾರು ಹನ್ನೆರಡು ನಿಮಿಷಕ್ಕೆ ಮುಗಿಯಿತು. ಖಾಲಿ ಪ್ಯಾಟರ್ನ್, ಅಂದರೆ ಹುಡುಕಬೇಕಾದ ಪದವೇ ಖಾಲಿ ಬಂದರೆ ಏನು ಮಾಡಲಿ ಅಂತ ಕೋಡ್ ಬರೆಯುವ ಮೊದಲೇ ನಾನೇ ಕೇಳಿದೆ. ಸಿ ಭಾಷೆಯ ಹುಡುಕುವ ಫಂಕ್ಷನ್ ಖಾಲಿ ಪ್ಯಾಟರ್ನ್‌ಗೆ ನಿಂತ ಜಾಗವನ್ನೇ ಉತ್ತರವಾಗಿ ಕೊಡುತ್ತದೆ, ಲೂಪ್ ಅಲ್ಲೇ ಸುತ್ತುತ್ತದೆ. ಪೈಥಾನ್ ಆದರೆ ಪ್ರತಿ ಅಕ್ಷರದ ಮಧ್ಯೆ ಮತ್ತು ಎರಡು ತುದಿಗೂ ಹೊಸ ಪದ ಸೇರಿಸುತ್ತದೆ. "ಹಾಗೇ ವಾಪಸ್ ಕೊಡಿ" ಅಂದರು. ಆಮೇಲೆ ಬಂದ ಪ್ರಶ್ನೆ ನೋಡಿ: ಎರಡು ಪದಗಳನ್ನು ಒಂದೇ ಸಲ ಅದಲು ಬದಲು ಮಾಡಿ. ಮಾವನ 500 ಪತ್ರಿಕೆ ಕಣ್ಣೆದುರು ಬಂತು. ನಾನು ಬರೆದದ್ದು ಇಷ್ಟು: ಪ್ರತಿ ಜಾಗದಲ್ಲಿ ಹಳೇ ಪದ, ಹೊಸ ಪದಗಳ ಟೇಬಲ್ ನೋಡು, ಉದ್ದ ಪದ ಮೊದಲು, ಸಿಕ್ಕರೆ ಹೊಸದನ್ನು ಬರೆದು ಮುಂದೆ ಹೋಗು, ಸಿಗದಿದ್ದರೆ ಒಂದು ಬೈಟ್ ನಕಲು ಮಾಡು. ಆ ಟೇಬಲನ್ನು ವಿಂಗಡಿಸುವ ಗೋಜಿಲ್ಲದೆ ಹೇಗೆ ಜೋಡಿಸಿದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಮುಂದೆಯೂ ನನಗೆ ಇಂಟರ್ವ್ಯೂಗಳಿವೆ. ಕೋಡ್ ಮುಗಿದ ಮೇಲೆ ನಾನು ಹಾಕುವ ಏಳು ಟೆಸ್ಟ್‌ಗಳಲ್ಲಿ ಆರು ಈ ಬರಹದಲ್ಲೇ ಇವೆ, ಏಳನೆಯದು ನನ್ನ ಹತ್ತಿರವೇ ಇರಲಿ.

ಉಳಿದ ಹೊತ್ತಿನಲ್ಲಿ ಕನ್ನಡದ ಮಾತು ನಾನೇ ತೆಗೆದೆ. ‘ನಾನು ಊರಿಗೆ ಬಂದೆ’ ಅನ್ನುವ ವಾಕ್ಯ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ) 41 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ (ಮೂಲ ಅಕ್ಷರ, ಗುಣಿತದ ಚಿಹ್ನೆ, ಸೊನ್ನೆ ಎಲ್ಲ ಬೇರೆ ಬೇರೆ ಸಂಕೇತ) ಮೂರು, ಸ್ಪೇಸಿಗೆ ಒಂದು. ಎರಡು ಸ್ಪೇಸ್ %20 ಆದ ಮೇಲೆ 45, ಸೊನ್ನೆ ಬೈಟ್ ಸೇರಿ 46. ಬೈಟ್ ಲೆಕ್ಕದಲ್ಲಿ ಹುಡುಕಿದರೂ ಒಂದು ಸಂಕೇತದ ನಡುವೆ ತಪ್ಪಾಗಿ ಹೊಂದುವ ಭಯವಿಲ್ಲ, ಆ ಎನ್‌ಕೋಡಿಂಗ್ ಹಾಗೆ ರಚಿಸಲಾಗಿದೆ. ಆದರೆ ಅಕ್ಷರದ ನಡುವೆ ಹೊಂದುತ್ತದೆ. ‘ರಾಮ’ನನ್ನು ‘ಭೀಮ’ ಮಾಡಿದರೆ ‘ರಾಮು’ ಹೋಗಿ ‘ಭೀಮು’ ಆಗುತ್ತಾನೆ. ಇನ್ನೂ ಒಂದು, ‘ಕೋ’ ಅನ್ನುವುದರ ಓತ್ವ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರದೆ ರಿಪ್ಲೇಸ್ ಮಾಡಬಾರದು. ಅವರು ಕೈಯಲ್ಲಿದ್ದ ಮುಂದಿನ ಪ್ರಶ್ನೆ ಕೇಳಲೇ ಇಲ್ಲ.

ಜಾವಾದವರಿಗೆ ಒಂದು ಮಾತು. ಹಳೇ ಕೆಲಸದಲ್ಲಿ ಬಿಲ್ಲಿನ ಟೆಂಪ್ಲೇಟಿಗೆ ಮೊತ್ತ ತುಂಬುವ ಕಡೆ ಯಾರೋ ರಿಪ್ಲೇಸ್‌ಆಲ್ ಹಾಕಿದ್ದರು. ಅದು ರೆಜೆಕ್ಸ್, ಅಂದರೆ ಮಾದರಿ ಕೊಟ್ಟು ಹುಡುಕುವ ವಿಧಾನ ಅಂತ ನೆನಪಿರಲಿ. ಮೊತ್ತದಲ್ಲಿ $500 ಬಂದ ರಾತ್ರಿ, ಅದರ $5 ಅನ್ನು ಮಾದರಿಯ ಐದನೇ ಗ್ರೂಪ್ (ತುಂಡು) ಅಂತ ಓದಿಕೊಂಡು, ಅಂಥ ಗ್ರೂಪ್ ಇಲ್ಲ ಅಂತ ಇಡೀ ಪ್ರೋಗ್ರಾಂ ಬಿತ್ತು. ಬೆಳಗಿನ ಜಾವ ಮೂರಕ್ಕೆ ಎದ್ದು ಬರೀ ರಿಪ್ಲೇಸ್ ಅಂತ ಬದಲಿಸಿದವನು ನಾನು. ಹೆಸರಲ್ಲಿ ‘ಆಲ್’ ಇಲ್ಲದಿದ್ದರೂ ಜಾವಾದಲ್ಲಿ ಅದು ಎಲ್ಲವನ್ನೂ ಬದಲಿಸುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅದೇ ಹೆಸರಿಗೆ ಸಾದಾ ಸ್ಟ್ರಿಂಗ್ ಕೊಟ್ಟರೆ ಮೊದಲನೆಯದನ್ನು ಮಾತ್ರ.

ಹೊಸ ಕೆಲಸದಲ್ಲಿ ಕೈಗೆ 78 ಸಾವಿರದ ಆಸುಪಾಸು ಬರುತ್ತದೆ. ಮೊದಲ ಸಂಬಳದಲ್ಲಿ ಮಾವನ ಮೂರು ಸಾವಿರ ತೀರಿಸಲು ಹೋದೆ, ತೆಗೆದುಕೊಳ್ಳಲಿಲ್ಲ. ಬದಲಿಗೆ ಹನ್ನೆರಡು ವರ್ಷದ ನುಡಿ ಫಾಂಟಿನ ಫೈಲುಗಳನ್ನು ಯೂನಿಕೋಡ್ (ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ) ಮಾಡಿಕೊಡು ಅಂದರು. ಈಗ ಶನಿವಾರ ಪೂರ್ತಿ ಅದೇ ಕೆಲಸ. ಅದೇ ಟೇಬಲ್, ಅದೇ ಉದ್ದ ಪದ ಮೊದಲು, ಒಂದೇ ಓಟ. ಅರ್ಕಾವತ್ತು ಮಾತ್ರ ಸತಾಯಿಸುತ್ತಿದೆ. ನುಡಿಯಲ್ಲಿ ‘ಧರ್ಮ’ದ ಅರ್ಕಾವತ್ತು ‘ಮ’ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಅದಕ್ಕೂ ಮೊದಲು ಬರಬೇಕು. ಅಂದರೆ ಬರೆದದ್ದಕ್ಕೆ ಒಂದು ಅಕ್ಷರ ಹಿಂದೆ ಹೋಗಲೇಬೇಕು, ನನ್ನ ನಿಯಮ ಮುರಿಯುವ ಜಾಗ ಇದೊಂದೇ. ಕೊನೆಯ ಅಕ್ಷರ ಎಲ್ಲಿ ಶುರುವಾಯಿತು ಅಂತ ಒಂದು ಪಾಯಿಂಟರ್ ಇಟ್ಟುಕೊಂಡು ನೋಡುತ್ತಿದ್ದೇನೆ. ಮದುವೆ ಕಾರ್ಡುಗಳ ಫೈಲುಗಳು ಮುಗಿದಿವೆ, ಸಂಘದ ಪತ್ರಿಕೆಗಳು ಇನ್ನೂ ನೂರರಷ್ಟು ಬಾಕಿ.