ಟರ್ಬೊ ಜೀಪಿನ ಮ್ಯಾನಿಫೋಲ್ಡ್ ಬಿಚ್ಚಿ ಗಾಳಿ ದಾರಿ ಸರಿ ಮಾಡಿದ್ದು: ನನ್ನ ಅನುಭವ

ಕಲಬುರಗಿ ಬಿಟ್ಟು ಕಮಲಾಪುರ ದಾಟಿ ಹುಮನಾಬಾದ್ ಕಡೆ ಏರು ಬಂತಂದ್ರ ನನ್ನ ಜೀಪ್ ಮೂರನೇ ಗೇರಿಗೆ ಬೀಳ್ತಿತ್ತು, ಹಿಂದ ತೊಗರಿ ಚೀಲ ಇದ್ರಂತೂ ಕರೀ ಹೊಗಿ. ಎಲ್ಲಾರೂ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ಕಳಿಸೋದು) ಹೋಗ್ಯದ ಅಂದ್ರು. ಅದರ ಶಾಫ್ಟ್ ಹಿಡಿದು ಅಲ್ಲಾಡಿಸಿ ನೋಡ್ದೆ, ಸಡಿಲ ಇರಲಿಲ್ಲ, ಹೋಸ್‌ಗಳಿಗೆ ಸೋಪ್ ನೀರು ಹಚ್ಚಿ ಗಾಳಿ ಬಿಟ್ರೂ ಗುಳ್ಳಿ ಬರಲಿಲ್ಲ, ಅದಕ್ಕ ಸಿಲಿಂಡರುಗಳಿಗೆ ಗಾಳಿ ಹಂಚೋ ಪೈಪು, ಇನ್‌ಟೇಕ್ ಮ್ಯಾನಿಫೋಲ್ಡೇ ಬಿಚ್ಚಿದೆ.

ಒಳಗ ಡಾಂಬರ್ ಹಾಕಿದಂಗಿತ್ತು. ಇಜಿಆರ್‌ದಿಂದ (ಹೊಗಿ ಸ್ವಲ್ಪ ವಾಪಸ್ ಇಂಜಿನ್ನಿಗೆ ಕಳಿಸೋ ವಾಲ್ವ್) ಬರೋ ಮಸಿ, ಇಂಜಿನ್ ಒಳಗಿನ ಹಬಿ ಹೊರಗ ಬಿಡೋ ಬ್ರೀದರ್ ಪೈಪಿನ ಎಣ್ಣಿ ಹಬಿ ಎರಡೂ ಕೂಡಿ ಗಟ್ಟಿಯಾಗಿ ಮೂರನೇ ಪೋರ್ಟಿನಾಗ (ಗಾಳಿ ಹೋಗೋ ತೂತು) ಕಿರುಬೆರಳು ಹೋಗೋವಷ್ಟೇ ಜಾಗ ಉಳಿದಿತ್ತು. ಟರ್ಬೊ ಗಾಳಿ ಒತ್ತಿ ಕಳಿಸ್ತದಲ್ಲ, ದಾರಿ ಹೆಂಗಿದ್ರೇನು ಅಂತಾರ, ಹಂಗಲ್ಲ, ದಾರಿ ಇಕ್ಕಟ್ಟಾದ್ರ ಟರ್ಬೊ ಜಾಸ್ತಿ ದುಡೀಬೇಕು, ಗಾಳಿ ಕಾಯ್ತದ, ಒಂದು ಸಿಲಿಂಡರಿಗೆ ಹೆಚ್ಚು ಒಂದಕ್ಕ ಕಮ್ಮಿ ಹೋಗ್ತದ.

ಎರಡು ರಾತ್ರಿ ಡೀಸೆಲ್‌ದಾಗ ನೆನೆಹಾಕಿ ಕೆರೆದೆ. ಕಾಸ್ಟಿಕ್ ಸೋಡಾ ಮಾತ್ರ ಹಾಕಬ್ಯಾಡ್ರಿ, ಅಲ್ಯೂಮಿನಿಯಂ ತಿಂದುಬಿಡ್ತದ.

ಆಮ್ಯಾಲೆ ಮ್ಯಾನಿಫೋಲ್ಡ್ ಮುಖಕ್ಕ ಮಾರ್ಕರ್ ಬಳಿದು, ಹೊಸ ಗ್ಯಾಸ್ಕೆಟ್ (ಜೋಡಣಿ ನಡುವಿನ ಸೀಲ್) ಬೋಲ್ಟ್ ಹಾಕಿ ಕೂಡ್ಸಿ, ಅದರ ತೂತಿನ ಅಂಚಿಗೆ ಸೂಜಿಲಿಂದ ಗೆರಿ ಹಾಕ್ದೆ. ಮೂರನೇ ಪೋರ್ಟಿನ ಕೆಳಗಿನ ಅಂಚು ಗೆರಿ ಬಿಟ್ಟು ಸುಮಾರು ಎರಡು ಎಂಎಂ ಒಳಗ ಚಾಚಿತ್ತು, ಎರಕದ ತಪ್ಪು. ಡೈ ಗ್ರೈಂಡರಿಗೆ ಕಾರ್ಬೈಡ್ ಬರ್ (ಹಲ್ಲಿರೋ ಕೆರೆಯೋ ತುದಿ) ಹಾಕಿ ನಿಧಾನ ತೆಗೆದೆ, ಅದರ ಹಲ್ಲಿನಾಗ ಅಲ್ಯೂಮಿನಿಯಂ ತುಂಬ್ತದ, ಆಗಾಗ ಸೀಮೆಎಣ್ಣಿ ಹಚ್ಚಬೇಕು. ಹೆಡ್ಡಿನ (ಸಿಲಿಂಡರ್ ಮ್ಯಾಲಿನ ಭಾಗ) ಪೋರ್ಟಿಗಿಂತ ಮ್ಯಾನಿಫೋಲ್ಡ್ ತೂತು ದೊಡ್ಡದು ಮಾಡಬಾರದು, ಗಾಳಿ ಬಂದು ಹೆಡ್ಡಿನ ಅಂಚಿಗೆ ಹೊಡೀತದ. ಗಾಜಿನಂಗ ಹೊಳಿಸಲಿಕ್ಕೆ ಹೊಂಟಿದ್ದೆ, ಉಸ್ತಾದ್ ಬಂದು ಕೈ ಹಿಡಿದ್ರು, "ಬೇಟಾ, ಬಸ್ ಮಾಡು, ಗೋಡಿ ತೆಳು ಆಗ್ತದ, ಡೀಸೆಲ್‌ದಾಗ ಹೊಳಪಿಲಿಂದ ಏನೂ ಸಿಗಲ್ಲ." 80 ನಂಬರ್ ಎಮರಿ ಪೇಪರಿಗೇ ನಿಲ್ಸಿದೆ.

ತೊಳೆಯೋದ್ರಾಗ ಮಾತ್ರ ಅವಸರ ಬ್ಯಾಡ. ಒಂದು ಚೂರು ಉಳಿದ್ರೂ ಸೀದಾ ಸಿಲಿಂಡರಿಗೆ ಹೋಗ್ತದ. ಸೀಮೆಎಣ್ಣಿ, ಸೋಪ್ ನೀರು, ಕಂಪ್ರೆಸರ್ ಗಾಳಿ, ಬಿಳಿ ಬಟ್ಟಿ ಒರೆಸಿದ್ರ ಮಿನುಗು ಕಾಣದ ತನಕ ಮತ್ತ ಮತ್ತ. ಹೆಡ್ಡಿನ ಪೋರ್ಟಿಗೆ ತುರುಕಿದ್ದ ಬಟ್ಟಿ ನಾಲ್ಕು, ತೆಗೆದದ್ದೂ ನಾಲ್ಕು, ಎಣಿಸಿದೆ. ಬೋಲ್ಟ್ ನಡುವಿಲಿಂದ ಹೊರಗ ಎರಡು ಸುತ್ತಿನಾಗ ಟೈಟ್ ಮಾಡ್ದೆ.

ಅದೇ ಏರು ಈಗ ನಾಲ್ಕನೇ ಗೇರಿನಾಗ ಹತ್ತಲತದ, ಟರ್ಬೊ ಎಳೆತ ಮೊದಲಿಗಿಂತ ಬೇಗ ಸಿಗ್ತದ. ಖರೆ ಹೇಳ್ಬೇಕಂದ್ರ ಹೆಚ್ಚಿನ ಫಾಯ್ದಾ ಮಸಿ ತೆಗೆದದ್ದರಿಂದಾನೇ, ಗ್ರೈಂಡಿಂಗ್‌ಲಿಂದ ಸ್ವಲ್ಪ. ಹೊಗಿ ಪೂರ್ತಿ ಹೋಗಿಲ್ಲ, ಇಂಜೆಕ್ಟರ್ ಬಿಚ್ಚಿ ಚೆಕ್ ಮಾಡ್ಸೋದು ಬಾಕಿ ಅದ.